ಇಪ್ಪತ್ತೆರಡು ಜನರ ಅಳತೆ

ಡಬ್ಬಿಯೊಳಗೆ ಹೋಗುವ ಮೀನು ಕೊನೆಯ ಬಾರಿಗೆ ಮನುಷ್ಯರ ಕೈಗೆ ಸಿಗುವ ಮೇಜಿನ ಮುಂದೆ ಅವಳ ಕೆಲಸ. ಕಾರ್ಖಾನೆಯ ಉದ್ದನೆಯ ಸ್ಟೀಲ್ ಮೇಜು, ಎರಡೂ ಬದಿಗೆ ನಿಂತ ಹೆಂಗಸರು, ತಲೆಗೆ ಬಿಳಿ ಟೋಪಿ, ಮೂಗು ಬಾಯಿಗೆ ಮಾಸ್ಕು, ಕಾಲಿಗೆ ರಬ್ಬರ್ ಬೂಟು. ಇಷ್ಟೆಲ್ಲ ಮುಚ್ಚಿಕೊಂಡ ಮೇಲೆ ಯಾರು ಯಾರೆಂದು ಕಣ್ಣು ನೋಡಿಯೇ ಹೇಳಬೇಕು. ಇವಳೊಬ್ಬಳನ್ನು ಮಾತ್ರ ಹಿಂದಿನಿಂದಲೂ ಗುರುತು ಹಿಡಿಯಬಹುದಿತ್ತು. ಚಾಕು ಎಡಗೈಯಲ್ಲಿರುತ್ತಿತ್ತು.

ಸೇರಿದ ಹೊಸತರಲ್ಲಿ ಅವಳನ್ನು ಸಾಲಿನ ನಡುವೆ ನಿಲ್ಲಿಸಿದ್ದರು. ಅವಳ ಎಡ ಮೊಣಕೈಗೂ ಪಕ್ಕದವಳ ಬಲ ಮೊಣಕೈಗೂ ದಿನವಿಡೀ ಜಗಳ. ಕೊನೆಗೊಂದು ದಿನ ಪಕ್ಕದವಳ ಹೆಬ್ಬೆರಳು ಕುಯ್ದುಹೋಯಿತು. ಸೂಪರ್‌ವೈಸರ್ ಬಂದು, ಮೀನಿನ ಬುಟ್ಟಿ ಸರಿಸಿದಷ್ಟೇ ಸಲೀಸಾಗಿ ಅವಳನ್ನು ಸಾಲಿನ ಎಡತುದಿಗೆ ಸರಿಸಿದ. ಅಲ್ಲಿ ಎಡಕ್ಕೆ ಗೋಡೆ, ಎದುರಿಗೆ ಕಂಬ. ಎಡಚಿ ಎಂಬ ಹೆಸರೂ ಅಂದೇ ಅಂಟಿತು. ಆಮೇಲೆ ಬಲಗೈಯವರು ಎಷ್ಟೋ ಜನ ಬಂದರು, ಹೋದರು. ಅವಳ ಜಾಗ ಬದಲಾಗಲಿಲ್ಲ.

ಮೀನು ಅವಳ ಬಳಿಗೆ ಬರುವ ಹೊತ್ತಿಗೆ ಅದರ ಅರ್ಧ ಕಥೆ ಮುಗಿದಿರುತ್ತಿತ್ತು. ಹಡಗಿನ ಹೊಟ್ಟೆಯಿಂದ ಇಳಿಯುವಾಗ ಟ್ಯೂನಾ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಒಂದಕ್ಕೊಂದು ತಾಗಿದರೆ ಮರದ ದಿಮ್ಮಿ ಬಡಿದ ಸದ್ದು. ತೊಟ್ಟಿಯ ನೀರಿನಲ್ಲಿ ಮಂಜು ಬಿಡಿಸಿ, ಹೊಟ್ಟೆ ಸೀಳಿ ತೊಳೆದು, ತಂತಿಯ ತಟ್ಟೆಗಳಲ್ಲಿ ಜೋಡಿಸಿ ಹಬೆಯ ಕೋಣೆಗೆ ತಳ್ಳುತ್ತಾರೆ. ಬೆಂದು, ತಣಿದು, ಬೂದು ಬಣ್ಣಕ್ಕೆ ತಿರುಗಿದ ಮೇಲೆ ಮೇಜಿಗೆ. ತಲೆ ತಿರುವಿ ತೆಗೆ, ಚಾಕುವಿನ ಬೆನ್ನಿನಿಂದ ಚರ್ಮ ಕೆರೆ, ಬೆನ್ನುಮೂಳೆಗುಂಟ ಎರಡು ಮಾಡು, ಮುಳ್ಳು ಬಿಡಿಸು, ಎರಡನ್ನು ನಾಲ್ಕು ಮಾಡು. ಪ್ರತಿ ಹೋಳಿಗೂ ಒಣಗಿದ ರಕ್ತದ ಬಣ್ಣದ ಕಪ್ಪು ಪಟ್ಟಿಯೊಂದು ಅಂಟಿಕೊಂಡಿರುತ್ತದೆ. ಅದು ಚೂರೂ ಉಳಿಯಬಾರದು, ಅದರ ಪಕ್ಕದ ಬಿಳಿಯದು ಚೂರೂ ಹೋಗಬಾರದು. ಬಿಳಿಯದು ಬೆಲ್ಟಿನ ಮೇಲೆ ಸಾಗಿ ಡಬ್ಬಿ ಸೇರುತ್ತದೆ. ಕಪ್ಪು ನೀಲಿ ಟಬ್ಬಿಗೆ ಬಿದ್ದು, ಅಲ್ಲಿಂದ ಬೆಕ್ಕುಗಳಿಗೆಂದು ಮಾಡುವ ಡಬ್ಬಿಗೆ ಹೋಗುತ್ತದೆ. ಆಮೇಲೆ ಎಣ್ಣೆಯೋ ಉಪ್ಪುನೀರೋ ಸುರಿದು, ಮುಚ್ಚಳ ಒತ್ತಿ, ಡಬ್ಬಿ ಸಮೇತ ಇನ್ನೊಮ್ಮೆ ಬೇಯಿಸುತ್ತಾರೆ.

"ಮೀನನ್ನ ಎರಡೇ ಸಲ ಬೇಯಿಸ್ತಾರೆ, ಪುಣ್ಯ ಮಾಡಿದೆ" ಎಂದು ಬಲಮಗ್ಗುಲಿನ ಹೆಂಗಸು ಹೊಸಬರಿಗೆ ಹೇಳುತ್ತಿದ್ದಳು. "ನಮ್ಮನ್ನ ದಿನಾ." ಮಾಸ್ಕಿನೊಳಗೂ ಬಾಯಿ ನಿಲ್ಲದ ಅವಳಿಗೆ ವಟವಟಿ ಎಂದು ಹೆಸರು.

ಎಡಚಿಯ ಗಂಡ ಟ್ಯೂನಾ ಹಿಡಿಯುವ ಹಡಗಿನಲ್ಲಿ ಅಡುಗೆಯವನು. ಇಪ್ಪತ್ತೆರಡು ಜನರಿಗೆ ಮೂರು ಹೊತ್ತು ಬೇಯಿಸಿ ಹಾಕುವವನು. ವರ್ಷದ ಹೆಚ್ಚಿನ ಭಾಗ ನೀರಿನ ಮೇಲೆ. ಕೆಲವು ವಾರ ಮನೆಗೆ ಬಂದರೆ ಆ ವಾರಗಳೂ ನಿದ್ದೆಯಲ್ಲಿ. ಮಕ್ಕಳಾಗಲಿಲ್ಲ. ನೆಂಟರಂತೆ ಬಂದು ಹೋಗುವ ಮಗನನ್ನು ಇಟ್ಟುಕೊಂಡು ಅದು ಯಾರ ತಪ್ಪೆಂದು ಕೇಳುವ ಧೈರ್ಯ ಅತ್ತೆಗೂ ಇರಲಿಲ್ಲ. ಮದುವೆಯಾದ ಹೊಸತರಲ್ಲಿ, ಹಡಗು ಹತ್ತುವ ಮೊದಲು ಅವನೊಂದು ಮಾತು ಹೇಳಿದ್ದ: "ಸಮುದ್ರದ ಕೆಲಸ ಮುಗಿಸಿ ಬಂದ ಮೇಲೆ ನಿನ್ನನ್ನ ಕೂರಿಸಿ ಬಡಿಸ್ತೀನಿ ನೋಡು. ನೀನು ಸೌಟು ಮುಟ್ಟೋ ಹಾಗಿಲ್ಲ." ಹೊಸ ಗಂಡಂದಿರು ಇಂಥವು ಹತ್ತು ಹೇಳುತ್ತಾರೆ, ಹೇಳಿ ಮರೆಯುತ್ತಾರೆ. ಅವಳು ಮರೆಯಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಪಾಳಿ ಮುಗಿಸಿ ಮನೆಗೆ ಬಂದಾಗ ಯಾರಾದರೂ ಬಿಸಿ ಅನ್ನ ಬಡಿಸಿಡಬೇಕು, ಎದುರಿಗೆ ಕೂತು ತಾವೂ ಉಣ್ಣಬೇಕು. ದಿನಾ ಅಲ್ಲದಿದ್ದರೂ ಒಂದು ದಿನ. ಹುಟ್ಟಿದ ಮನೆಯಲ್ಲಿ ತಮ್ಮಂದಿರಿಗೆ ಬಡಿಸಿ ಉಂಡಳು, ಇಲ್ಲಿ ಅತ್ತೆಗೆ ಬಡಿಸಿ. ಹಾಸಿಗೆ ಹಿಡಿದ ಅತ್ತೆಗೆ ಚಮಚದಲ್ಲಿ ತಿನ್ನಿಸಿ, ಬಾಯಿ ಒರೆಸಿ, ಮಗ್ಗುಲು ಬದಲಿಸಿ ಬರುವ ಹೊತ್ತಿಗೆ ಅವಳ ಪಾಲು ತಣ್ಣಗಾಗಿ ತಟ್ಟೆಗೆ ಅಂಟಿಕೊಂಡಿರುತ್ತಿತ್ತು.

"ನನ್ನ ಮಗ ಅಷ್ಟು ಜನಕ್ಕೆ ಅನ್ನ ಹಾಕ್ತಾನೆ. ನನ್ನೊಬ್ಬಳಿಗೆ ಹಾಕೋಕೆ ನಿನಗೆ ಮುಖ ಊದುತ್ತೆ" ಎಂದು ಅತ್ತೆ ಚುಚ್ಚುತ್ತಿದ್ದಳು.

"ಅವರಿಗೆ ಅದಕ್ಕೆ ಸಂಬಳ ಬರುತ್ತೆ ಅತ್ತೆ."

"ನಿನಗೆ ಪುಣ್ಯ ಬರುತ್ತೆ ಕಣೇ."

"ಪುಣ್ಯಾನ ಯಾವ ಅಂಗಡೀಲಿ ತಗೋತಾರೆ ಹೇಳಿ, ಹೋಗಿ ಸಾಮಾನು ತರ್ತೀನಿ."

ಮುದುಕಿ ಕೆಮ್ಮು ಬರುವವರೆಗೆ ನಗುತ್ತಿದ್ದಳು. ಅತ್ತೆ ಹೋದ ಮೇಲೆ ಮನೆಯಲ್ಲಿ ನಗುವವರಿರಲಿ, ಚುಚ್ಚುವವರೂ ಇಲ್ಲದಾದರು. ಅವಳು ಅಡುಗೆ ಮಾಡುವುದನ್ನೇ ಬಿಟ್ಟಳು. ಸಾಗಿಸುವಾಗ ನೆಗ್ಗಿದ ಡಬ್ಬಿಗಳನ್ನು ಕೆಲಸಗಾರರಿಗೆ ಅಗ್ಗಕ್ಕೆ ಕೊಡುತ್ತಿದ್ದರು. ಸಂಜೆ ಅದರ ಮುಚ್ಚಳ ಕಿತ್ತು, ಸಿಂಕಿನ ಪಕ್ಕ ನಿಂತು, ಫೋರ್ಕಿನಿಂದಲೇ ತಿನ್ನುತ್ತಿದ್ದಳು. ತಟ್ಟೆಗೆ ಹಾಕಿಕೊಂಡರೆ ತಟ್ಟೆ ತೊಳೆಯಬೇಕು. ತಾನೇ ಕೆರೆದ ಹೋಳೋ, ವಟವಟಿ ಕೆರೆದದ್ದೋ, ಗಂಡನ ಹಡಗು ತಂದದ್ದೋ, ಯಾರಿಗೆ ಗೊತ್ತು. ಡಬ್ಬಿಯೊಳಗೆ ಎಲ್ಲ ಒಂದೇ ರುಚಿ. ಮನೆಯಲ್ಲಿ ಗೋಡೆಗೆ ಒತ್ತಿದ ಒಂದು ಮೇಜು, ಎರಡು ಕುರ್ಚಿ ಇದ್ದವು. ಒಂದರ ಮೇಲೆ ಒಗೆದ ಬಟ್ಟೆಯ ರಾಶಿ ಕೂತಿರುತ್ತಿತ್ತು.

ಹೀಗಿರುವಾಗ ಗಂಡ ಫೋನ್ ಮಾಡಿ, ತನ್ನ ಮೊಣಕಾಲು ಇನ್ನು ಹಡಗಿನ ಏಣಿ ಹತ್ತಲು ಒಪ್ಪುತ್ತಿಲ್ಲ, ಮಾಲೀಕರು ಬೇರೆ ಅಡುಗೆಯವನನ್ನು ನೋಡಿಕೊಂಡಿದ್ದಾರೆ, ಬಂದುಬಿಡುತ್ತೇನೆ ಎಂದ. ಸುದ್ದಿ ಕೇಳಿ ಮೇಜಿನ ಹೆಂಗಸರಿಗೆಲ್ಲ ಖುಷಿ.

"ಇನ್ನೇನಮ್ಮ, ಅಡುಗೆಯವನೇ ಮನೆಗೆ ಬರ್ತಿದ್ದಾನೆ" ಎಂದಳು ವಟವಟಿ. "ನೀನು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ಕೋ. ಅಷ್ಟು ಜನಕ್ಕೆ ಬಡಿಸಿದ ಕೈ, ನಿನ್ನೊಬ್ಬಳಿಗೆ ಬಡಿಸೋಕೆ ಎಷ್ಟು ಹೊತ್ತು?"

"ನಿನ್ನ ಬಾಯಿಗೆ ಸಕ್ಕರೆ ಹಾಕ" ಎಂದಳು ಎಡಚಿ. ಮಾಸ್ಕಿನೊಳಗೆ ಅವಳ ಮುಖ ಬಿಸಿಯಾಯಿತು. ಆ ಸಂಜೆ ಕುರ್ಚಿಯ ಮೇಲಿನ ಬಟ್ಟೆಗಳನ್ನೆಲ್ಲ ಮಡಚಿ ಒಳಗಿಟ್ಟಳು.

ಅವನು ಬಂದ. ಒಂದು ಚೀಲ, ಒಂದು ಟ್ರಂಕು, ತೋಳುದ್ದದ ಒಂದು ಸೌಟು. ಸೌಟನ್ನು ಬಾಗಿಲ ಹಿಂದೆ ನಿಲ್ಲಿಸಿ, ಕಿಟಕಿಯ ಕಡೆ ಮುಖ ಮಾಡಿದ ಕುರ್ಚಿಯಲ್ಲಿ ಕೂತ. ಕೂತವನು ಕೂತೇ ಇದ್ದ. ಮೊದಲಿಗೆ ದಣಿವಿರಬೇಕು ಎಂದುಕೊಂಡಳು. ಬೆಳಿಗ್ಗೆ ಬೇಗನೆದ್ದು ಬೇಯಿಸಿ ಮುಚ್ಚಿಟ್ಟು ಹೋಗುತ್ತಿದ್ದಳು. ಸಂಜೆ ಬಂದರೆ ಮುಚ್ಚಳ ಒಂದು ಕಡೆ, ಪಾತ್ರೆ ಒಂದು ಕಡೆ, ತಟ್ಟೆ ಅವನು ಉಂಡಲ್ಲೇ. ಬೂಟು ಬಿಚ್ಚಿದ ಕಾಲು ನೆಲಕ್ಕೆ ತಾಗುವ ಮೊದಲೇ ಅವಳ ಕೈ ಸಿಂಕಿಗೆ ತಾಗುತ್ತಿತ್ತು. ಮತ್ತೆ ಒಲೆ. ಅವನಿಗೆ ಬಡಿಸಿ, ತನಗೆ ಹಾಕಿಕೊಂಡು ಬಂದು ಕೂರುವಷ್ಟರಲ್ಲಿ ಅವನದು ಮುಗಿದಿರುತ್ತಿತ್ತು. ನಿಧಾನಕ್ಕೆ ಉಣ್ಣುವುದು ಅವನಿಗೆ ಗೊತ್ತೇ ಇರಲಿಲ್ಲ.

ಅಭಿಪ್ರಾಯ ಹೇಳುವುದು ಮಾತ್ರ ಗೊತ್ತಿತ್ತು. "ಈರುಳ್ಳಿ ಇನ್ನೂ ಸ್ವಲ್ಪ ಕೆಂಪಾಗಬೇಕಿತ್ತು." "ಬೇಳೆಗೆ ಉಪ್ಪು ಬೇಗ ಹಾಕಿದ್ದೀಯ."

"ಏನು ಎಡಚಿ, ನಿನ್ನೆ ಯಜಮಾನ್ರು ಏನು ಬಡಿಸಿದ್ರು?" ವಟವಟಿ ದಿನಾ ಕೇಳುತ್ತಿದ್ದಳು.

"ಉಪ್ಪು ಕಮ್ಮಿ ಅಂತ ಬಡಿಸಿದ್ರು."

ಮೇಜಿನ ಉದ್ದಕ್ಕೂ ಮಾಸ್ಕುಗಳು ಅಲುಗಿದವು. ಎಡಚಿಯೂ ನಕ್ಕಳು. ನಗಿಸಿದವಳು ತಾನೇ ಆದ್ದರಿಂದ ನಗದೆ ಇರುವ ಹಾಗಿರಲಿಲ್ಲ.

ಕೊನೆಗೊಂದು ಸಂಜೆ, ತಟ್ಟೆ ಎತ್ತುತ್ತಾ, ತಮಾಷೆಯ ದನಿಯಲ್ಲೇ ಕೇಳಿದಳು: "ಕೂರಿಸಿ ಬಡಿಸ್ತೀನಿ ಅಂದಿದ್ರಲ್ಲ, ಆ ಮಾತು ಹಡಗಲ್ಲೇ ಬಿಟ್ಟು ಬಂದ್ರಾ?"

"ಯಾವಾಗ ಅಂದಿದ್ದೆ?"

"ಮದುವೆ ಆದ ಹೊಸತರಲ್ಲಿ."

ಅವನು ನಕ್ಕ. "ಇಷ್ಟು ವರ್ಷ ಸೌಟು ಹಿಡಿದಿದ್ದೀನಿ ಕಣೇ. ಇನ್ನಾದ್ರೂ ಬಿಡು."

"ನಾನೂ ಹಿಡಿದಿದ್ದೀನಿ. ಜೊತೆಗೆ ಚಾಕೂನೂ."

ಅವನು ಕಿಟಕಿಯ ಕಡೆ ತಿರುಗಿದ.

ಅದೇ ವಾರ ಅವನ ಹಡಗಿನ ಬಲೆಯವನು ಮನೆ ಹುಡುಕಿಕೊಂಡು ಬಂದ. ಗಟ್ಟಿ ಗಂಟಲಿನ, ಒಳ್ಳೆಯ ಮನಸ್ಸಿನ ಮನುಷ್ಯ. ಒಳಗೆ ಕಾಲಿಡುತ್ತಲೇ ಗಂಡನ ಬೆನ್ನಿಗೆ ಒಂದು ಬಾರಿಸಿ, "ಏನ್ ಅತ್ತಿಗೆ, ನೆಲದ ಮೇಲೆ ಬಂದು ದಪ್ಪ ಆಗಿಬಿಟ್ರಿ!" ಎಂದ. ಎಡಚಿ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಅವಳ ಮುಖ ನೋಡಿ ಅವನೇ ವಿವರಿಸಿದ: "ನಿಮಗೆ ಹೇಳಿಲ್ವಾ ತಂಗಿ? ಹಡಗಲ್ಲಿ ಇವರನ್ನ ಎಲ್ಲರೂ ಕರೆಯೋದೇ ಹಾಗೆ. ಸೌಟು ಹಿಡಿದೋರು ಅತ್ತಿಗೆ ತಾನೆ?"

ಗಂಡನ ಕಿವಿಯ ತುದಿ ಕೆಂಪಾಗಿದ್ದು ಅವಳಿಗೆ ಕಂಡಿತು.

ಬಲೆಯವನು ಟೀ ಕುಡಿಯುತ್ತಾ ಹೇಳುತ್ತಲೇ ಹೋದ. "ದೂರದಲ್ಲಿ ಹಕ್ಕಿ ಸುತ್ತೋದು ಕಂಡ್ರೆ ಕೆಳಗೆ ಮೀನಿದೆ ಅಂತ ಅರ್ಥ. ಚಿಕ್ಕ ದೋಣಿ ಬಲೆ ತುದಿ ಹಿಡ್ಕೊಂಡು ನಿಲ್ಲುತ್ತೆ, ಹಡಗು ಬಲೆ ಬಿಡ್ತಾ ಬಿಡ್ತಾ ಸುತ್ತು ಹಾಕುತ್ತೆ. ಸುತ್ತು ಮುಗಿದ ಕೂಡ್ಲೇ ತಳಾನ ಎಳೀಬೇಕು, ಚೀಲದ ಬಾಯಿಗೆ ದಾರ ಎಳೆದ ಹಾಗೆ. ತಡ ಮಾಡಿದ್ರೆ ಅಷ್ಟೂ ಮೀನು ಕೆಳಗಿಂದ ಜಾರಿ ಹೋಗುತ್ತೆ. ಆ ಹೊತ್ತಲ್ಲಿ ಯಾರಿಗೆ ಊಟದ ನೆನಪು? ಬಲೆ ಮೇಲೆ ಬಂದು ಮೀನು ಉಪ್ಪುನೀರಿನ ತೊಟ್ಟಿಗೆ ಬಿದ್ದ ಮೇಲೆ ಎಲ್ಲರಿಗೂ ಒಟ್ಟಿಗೆ ಹೊಟ್ಟೆ ನೆನಪಾಗುತ್ತೆ. 'ಅತ್ತಿಗೇ, ಅನ್ನ!' ಅಂತ ಕೂಗು ಹಾಕ್ಕೊಂಡು ಸಾಲು ನಿಲ್ಲೋದು. ಒಬ್ಬ ಸೆರಗು ಎಲ್ಲಿ ಅನ್ನೋನು, ಇನ್ನೊಬ್ಬ ಬಳೆ ತಂದುಕೊಡ್ಲಾ ಅನ್ನೋನು. ಇವರು ತುಟಿ ಪಿಟಕ್ ಅನ್ನದೆ ಬಡಿಸೋರು. ಒಂದು ದಿನಾನೂ ನಮ್ಮ ಜೊತೆ ಕೂರಲಿಲ್ಲ ನೋಡಿ. ಎಲ್ಲರದೂ ಆದ ಮೇಲೆ ಒಲೆ ಪಕ್ಕ ನಿಂತ್ಕೊಂಡು ತಳ ಕೆರೆದು ತಿನ್ನೋರು. ಒಂದೊಂದು ದಿನ ನಾವು ತಳಾನೂ ಬಿಡ್ತಿರಲಿಲ್ಲ!"

ಬಲೆಯವನು ಹೊಟ್ಟೆ ಹಿಡಿದು ನಕ್ಕ. ಗಂಡನೂ ನಕ್ಕ. ಆ ನಗು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಮೇಜಿನ ತುದಿಯಲ್ಲಿ ನಿಂತು ಅವಳು ನಗುತ್ತಿದ್ದದ್ದೂ ಅಂಥದ್ದೇ.

ಅವನು ಸಂಬಳಕ್ಕೆ ಪಟ್ಟ ಅವಮಾನವನ್ನೇ ತಾನು ಸಂಬಳವಿಲ್ಲದೆ ಪಟ್ಟಿದ್ದೇನೆಂದು ಅವಳಿಗೆ ಅರ್ಥವಾಯಿತು. ಅರ್ಥವಾಗಿ ಏನು ಬಂತು? ಲೋಟಗಳನ್ನು ತೊಳೆದವಳು ಅವಳೇ. ಗಂಡಸರ ನೋವನ್ನು ಅರ್ಥ ಮಾಡಿಕೊಳ್ಳುವುದೂ ಮನೆಗೆಲಸದಲ್ಲೇ ಸೇರಿಹೋಗಿದೆ. ಅದಕ್ಕೂ ರಜೆಯಿಲ್ಲ.

ಬಲೆಯವನು ಹೋದ ಮೇಲೆ ಅವಳು ಕೇಳಿದಳು: "ಅತ್ತಿಗೆ ಅಂತಿದ್ರು ಅಂತಾನಾ ನೀವು ಒಲೆ ಹತ್ರ ಬರದೇ ಇರೋದು?"

"ಬಿಡು ಆ ಮಾತು."

"ನನ್ನನ್ನೂ ಎಷ್ಟೋ ಜನ ಅತ್ತಿಗೆ ಅಂತಾರೆ. ನಾನೇನು ಒಲೆ ಬಿಟ್ನಾ?"

"ನೀನು ಹೆಂಗಸು."

"ಹೌದಲ್ವಾ. ಮರೆತೇ ಹೋಗಿತ್ತು."

ಆಮೇಲೆ ಅವಳು ಮೆತ್ತಗೆ, ಆದರೆ ಪ್ರತಿ ಮಾತನ್ನೂ ಬಿಡಿಸಿಟ್ಟು ಹೇಳಿದಳು: "ಬೆಳಿಗ್ಗೆದು ನಾನು ಮಾಡ್ತೀನಿ. ನಾಳೆಯಿಂದ ಸಂಜೆದು ನೀವು ಮಾಡಿ. ಇಲ್ಲಿ ಸಾಲು ನಿಲ್ಲೋರು ಯಾರೂ ಇಲ್ಲ. ನಾವಿಬ್ಬರೇ."

ಮರುದಿನ ಅವಳು ಬಂದಾಗ ಒಲೆ ಉರಿಯುತ್ತಿತ್ತು. ಅವನು ಅದರ ಮುಂದೆ ಬೆವರಿ ನಿಂತಿದ್ದ. ಪಾತ್ರೆಯಲ್ಲಿ ಅನ್ನವೂ ಅಲ್ಲದ ಗಂಜಿಯೂ ಅಲ್ಲದ ಏನೋ ಒಂದು ಕುದಿಯುತ್ತಿತ್ತು. ಇನ್ನೊಂದರಲ್ಲಿ ಬೇಳೆ ಉಪ್ಪಿನ ಕಷಾಯವಾಗಿತ್ತು. ಅವನು ತನ್ನ ಅಂಗೈಯನ್ನು ತಾನೇ ನೋಡಿಕೊಳ್ಳುತ್ತಾ ನಿಂತಿದ್ದ, ಬೇರೆ ಯಾರದೋ ಕೈಯನ್ನು ತಪ್ಪಿ ಹಾಕಿಕೊಂಡು ಬಂದವನಂತೆ.

"ಇಬ್ಬರಿಗೆ ಅಂದ್ರೆ ಅಕ್ಕಿ ಎಷ್ಟು?" ಎಂದ. "ನನ್ನ ಕೈಗೆ ಇಬ್ಬರ ಅಳತೆ ಗೊತ್ತಿಲ್ಲ. ಇಪ್ಪತ್ತೆರಡಾದ್ರೆ ಕಣ್ಣು ಮುಚ್ಚಿ ಹಾಕ್ತೀನಿ. ಉಪ್ಪು ಅರ್ಧ ಬೊಗಸೆ, ಬೇಳೆ ಬಕೆಟ್ಟಲ್ಲಿ ಇಷ್ಟು. ಇದಕ್ಕೆ ಚಿಟಿಕೆನಾ, ಚಮಚಾನಾ, ಒಂದೂ ತಿಳೀತಿಲ್ಲ."

ಅವಳು ಪಕ್ಕಕ್ಕೆ ಹೋಗಿ ನಿಂತು, ಮುಷ್ಟಿ ಹಿಡಿದು ತೋರಿಸಿದಳು. ಇಷ್ಟು ಅಕ್ಕಿ ನಿಮಗೆ, ಇಷ್ಟು ನನಗೆ. ಅವನೂ ಹಾಗೇ ಮುಷ್ಟಿ ಹಿಡಿದ. ಒಲೆಯ ಮುಂದೆ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತದ್ದು ಅದೇ ಮೊದಲು. ಅವಳಿಗೆ ಎಲ್ಲಿಂದಲೋ ನಗು ಬಂತು. ಸಂತೋಷದ ನಗು, ತಡೆಯಲು ಆಗಲಿಲ್ಲ. "ಹಡಗನ್ನೇ ಸಾಕಿದೋರು, ಎರಡು ಹಿಡಿ ಅಕ್ಕಿ ಮುಂದೆ ಸೋತುಹೋದ್ರಲ್ಲಾ!" ಎಂದುಬಿಟ್ಟಳು.

ಅವನು ಚಮಚ ಕೆಳಗಿಟ್ಟ. ಅವಳ ಒಂದು ನಗುವಿನಲ್ಲಿ ಅವನಿಗೆ ಇಡೀ ಹಡಗಿನ ನಗು ಕೇಳಿಸಿತ್ತು. "ಇಬ್ಬರಿಗೆ ಮಾಡೋದು ಅಡುಗೆ ಅಲ್ಲ, ಮಕ್ಕಳಾಟ" ಎಂದು ಹೇಳಿ ಹೊರಗೆ ಹೋಗಿ ಕುರ್ಚಿಯಲ್ಲಿ ಕೂತ. ಅವಳು ಹಿಂದೆಯೇ ಹೋಗಿ, "ತಮಾಷೆಗೆ ಅಂದೆ ಕಣ್ರೀ" ಎಂದಳು. ಹಡಗಿನವರೂ ತಮಾಷೆಗೇ ಅನ್ನುತ್ತಿದ್ದರು ಎಂದು ಅವನು ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ಕೇಳಿಸಿತು. ಆ ಸಂಜೆ ಉಪ್ಪಿನ ಬೇಳೆಗೆ ನೀರು ಬೆರೆಸಿ, ಅನ್ನ ಬೇರೆ ಮಾಡಿ, ಅವಳೇ ಬಡಿಸಿದಳು.

ಮರುದಿನ ಬೀದಿಯ ತಿರುವಿನಲ್ಲೇ ಈರುಳ್ಳಿ ಹುರಿದ ಘಮ ಬಂತು. ಮನೆಯ ಮುಂದೆ ಜನ. ಅವನು ಯಾರದೋ ಮನೆಯ ದೊಡ್ಡ ಕೊಪ್ಪರಿಗೆ ತಂದು, ಹಿತ್ತಲಲ್ಲಿ ಕಲ್ಲು ಹೂಡಿ ಬೆಂಕಿ ಹಚ್ಚಿದ್ದ. ಬಾಗಿಲ ಹಿಂದಿದ್ದ ಸೌಟು ಕೈಯಲ್ಲಿತ್ತು. ಮೊಣಕಾಲು ನೋವಿನ ಮನುಷ್ಯ ಎಲ್ಲಿ ಹೋದನೋ, ಬೆನ್ನು ನೆಟ್ಟಗಿತ್ತು. ಅನ್ನ, ಬೇಳೆ, ಆಲೂಗಡ್ಡೆ ಹಾಕಿ ಬೇಯಿಸಿದ ಮೀನು, ಎಲ್ಲ ಇಪ್ಪತ್ತೆರಡು ಜನರ ಅಳತೆ. ಉಪ್ಪು ಖಾರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಕ್ಕಪಕ್ಕದವರು ಪಾತ್ರೆ ಹಿಡಿದು ಬಂದರು, ಹೊಗಳಿದರು, ಇನ್ನೊಂದು ಸೌಟು ಹಾಕಿಸಿಕೊಂಡರು.

"ಎಂಥ ಗಂಡನ್ನ ಪಡೆದಿದ್ದೀಯಮ್ಮ!" ಎಂದು ಪಕ್ಕದ ಮನೆಯಾಕೆ ಅವಳ ಕೈ ಹಿಡಿದುಕೊಂಡಳು. ಇದೇ ಪಕ್ಕದ ಮನೆಗೆ ಅವಳು ಬಾಣಂತನಕ್ಕೂ ಜ್ವರಕ್ಕೂ ಎಷ್ಟು ಸಲ ಅನ್ನ ಕಳಿಸಿದ್ದಳೋ. ಆಗ ಎಂಥ ಹೆಂಡತಿ ಎಂದು ಯಾರೂ ಅವನ ಕೈ ಹಿಡಿದಿರಲಿಲ್ಲ.

ಅವಳಿಗೂ ತಟ್ಟೆ ಬಂತು. ಬಿಸಿ ಬಿಸಿ. ಮೇಜಿನ ಮುಂದೆ ಕೂತು, ಎದುರಿನ ಕುರ್ಚಿಯನ್ನು ಹೊರಕ್ಕೆಳೆದು, "ಬನ್ನಿ, ಕೂತ್ಕೊಳ್ಳಿ" ಎಂದು ಕೂಗಿದಳು.

"ನೀನು ಉಣ್ಣು. ಬಡಿಸೋದಿದೆ ಇನ್ನೂ."

ತುತ್ತು ಬಾಯಿಗಿಟ್ಟರೆ ನಾಲಿಗೆಗೆ ಹಿತ. ಇಷ್ಟು ರುಚಿಯ ಊಟವನ್ನು ಅವಳು ಅದುವರೆಗೆ ಉಂಡಿರಲಿಲ್ಲ. ಉಂಡು ಮುಗಿಸಿದಾಗಲೂ ಅವನು ಹಿತ್ತಲಲ್ಲೇ ಇದ್ದ. ಎಲ್ಲರೂ ಹೋದ ಮೇಲೆ ಕೊಪ್ಪರಿಗೆಯ ಪಕ್ಕ ನಿಂತು, ತಳ ಕೆರೆದು ತಿಂದು, ಕೈ ಒರೆಸಿಕೊಂಡು ಹೋಗಿ ಮಲಗಿದ. ಹಡಗಿನಲ್ಲಿ ಪಾತ್ರೆ ತೊಳೆಯಲು ಬೇರೆ ಆಳಿದ್ದನಂತೆ. ಇಲ್ಲಿ ಕೊಪ್ಪರಿಗೆ ತಿಕ್ಕಿ ಮಗುಚಿಟ್ಟು ಅವಳು ಬೆನ್ನು ನೆಟ್ಟಗೆ ಮಾಡುವಾಗ ಬೀದಿಯ ಮನೆಗಳ ದೀಪಗಳೆಲ್ಲ ಆರಿದ್ದವು.

ಹೀಗೆ ಒಂದೆರಡು ಸಲವಾಗುವಷ್ಟರಲ್ಲಿ ಸುದ್ದಿ ಕಾರ್ಖಾನೆಯ ಕ್ಯಾಂಟೀನಿನ ಕಾಂಟ್ರಾಕ್ಟರನ ಕಿವಿಗೆ ಬಿತ್ತು. ಅವನೂ ಬಂದು ಒಂದು ತಟ್ಟೆ ಹಾಕಿಸಿಕೊಂಡ. ಅವನ ಅಡುಗೆಯವನು ಆಗಷ್ಟೇ ಕೆಲಸ ಬಿಟ್ಟಿದ್ದ. "ಏಣಿ ಹತ್ತೋದಿಲ್ಲ, ಅಲೆ ಇಲ್ಲ. ನೆಲದ ಮೇಲೆ ನಿಂತು ಮುನ್ನೂರು ಜನಕ್ಕೆ ಮಾಡಿ. ಆಗುತ್ತಾ?" ಎಂದು ಕೇಳಿದ. ಗಂಡನ ಮುಖ ಅರಳಿದ್ದನ್ನು ಎಡಚಿ ನೋಡಿದಳು. ತನ್ನ ಕಡೆ ನೋಡಿ ಆ ಮುಖ ಹಾಗೆ ಅರಳಿದ್ದು ಅವಳಿಗೆ ನೆನಪಿರಲಿಲ್ಲ.

ಕ್ಯಾಂಟೀನಿನಲ್ಲಿ ಅವನನ್ನು ಯಾರೂ ಅತ್ತಿಗೆ ಎನ್ನಲಿಲ್ಲ. ಮಾಸ್ಟರ್ ಎಂದರು. ಬಿಳಿ ಕೋಟು ಕೊಟ್ಟರು. ಮನೆಯ ಒಲೆ ಮಾತ್ರ ಮತ್ತೆ ಅವಳ ಪಾಲಿಗೆ ಬಂತು. "ದಿನವಿಡೀ ಅಲ್ಲಿ ಬೇಯಿಸಿ ಬರ್ತೀನಲ್ಲ" ಎನ್ನುತ್ತಿದ್ದ. ಅವಳೂ ದಿನವಿಡೀ ಅಲ್ಲೇ ನಿಂತಿರುತ್ತಿದ್ದಳು, ಅವನ ಕೌಂಟರಿನಿಂದ ಎರಡು ಬಾಗಿಲು ಆಚೆ.

ಮಧ್ಯಾಹ್ನ ಗಂಟೆ ಹೊಡೆದ ಕೂಡಲೇ ಹೆಂಗಸರು ಟೋಪಿ ಬಿಚ್ಚಿ ಸಾಲು ನಿಲ್ಲುತ್ತಿದ್ದರು. ಒಂದು ಕಿಂಡಿ, ಅದರಾಚೆ ಹಬೆ, ಹಬೆಯೊಳಗಿಂದ ಒಂದು ಕೈ. ತಟ್ಟೆ ಬಂದರೆ ಅನ್ನ, ಅದರ ಮೇಲೆ ಸಾರು, ಬದಿಗೆ ಮೀನು. "ಮುಂದೆ." ಮತ್ತೊಂದು ತಟ್ಟೆ. "ಮುಂದೆ." ಅವನು ತಲೆ ಎತ್ತುತ್ತಿರಲಿಲ್ಲ. ತಲೆ ಎತ್ತಿದರೆ ಅಳತೆ ತಪ್ಪುತ್ತದೆಂದು ಮೊದಲೇ ಹೇಳಿದ್ದ.

"ನಿನ್ನ ಅದೃಷ್ಟ ಕಣೇ" ಎಂದಳು ವಟವಟಿ, ಬಾಯಿ ತುಂಬ ಅನ್ನ ಇಟ್ಟುಕೊಂಡು. "ನಮಗೆ ಒಂದೇ ಹೊತ್ತು, ನಿನಗೆ ಮನೇಲೂ ಇದೇ ಊಟ."

"ಹೂಂ" ಎಂದಳು ಎಡಚಿ. ಬಿಸಿ ಅನ್ನ, ಗಂಡನ ಕೈಯ ಅನ್ನ. ಬೇಡಿದ್ದು ಸಿಕ್ಕಿತ್ತು. ಇಷ್ಟು ಜನರ ನಡುವೆ ಕೂತು ಸುಳ್ಳು ಹೇಳಿ, ಉಳಿದದ್ದನ್ನು ತಟ್ಟೆಯ ಅಂಚಿಗೆ ಸರಿಸಿದಳು.

ಮರುದಿನ ತನ್ನ ಸರದಿ ಬಂದಾಗ ಅವಳು ಕಿಂಡಿಗೆ ಬಾಗಿ ಹೇಳಿದಳು: "ಇವತ್ತು ಸಂಜೆ ನಾನು ಒಲೆ ಹಚ್ಚಲ್ಲ. ಇಬ್ಬರದೂ ಡಬ್ಬಿಗೆ ಹಾಕ್ಕೊಂಡು ಬನ್ನಿ. ಒಟ್ಟಿಗೆ ಕೂತು ಉಣ್ಣೋಣ."

"ಆಯ್ತಮ್ಮ, ಆಯ್ತು. ಮುಂದೆ ಹೋಗಿ."

ಹೋಗಿ ಎಂದ. ಅವನು ಅವಳಿಗೆ ಎಂದೂ ಬಹುವಚನ ಹಾಕಿದವನಲ್ಲ. ತಟ್ಟೆ ಹಿಡಿದು ನಾಲ್ಕು ಹೆಜ್ಜೆ ಬಂದ ಮೇಲೆ ಅದು ಅವಳಿಗೆ ಹೊಳೆಯಿತು. ಆದರೂ ಆಯ್ತು ಎಂದಿದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಸಂಜೆ ಮನೆಗೆ ಬಂದು, ಸ್ನಾನ ಮಾಡಿ, ಮೇಜು ಒರೆಸಿ, ಎರಡು ತಟ್ಟೆ ಇಟ್ಟಳು. ಎರಡು ಲೋಟ ನೀರು. ಕಾದಳು. ಅವನು ಬಂದು ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಚಿಕ್ಕದು. ಒಬ್ಬರದು.

"ನನ್ನದು?" ಎಂದಳು.

"ನಿನಗೇನು?"

"ಇಬ್ಬರದೂ ತನ್ನಿ ಅಂದಿದ್ದೆ. ಮಧ್ಯಾಹ್ನ. ಕಿಂಡೀಲಿ."

ಅವನು ನೆನಪು ಮಾಡಿಕೊಳ್ಳಲು ನೋಡಿದ. "ಅಲ್ಲಿ ಮುನ್ನೂರು ಜನ ಮುನ್ನೂರು ಹೇಳ್ತಾರೆ. ನೀನು ಅಂತ ಗೊತ್ತಾಗಲಿಲ್ಲ" ಎಂದ. ಸುಳ್ಳಿರಲಿಲ್ಲ ಅದರಲ್ಲಿ. "ಬಡಿಸ್ತಾ ಬಡಿಸ್ತಾ ನನಗೇ ಉಣ್ಣೋಕೆ ಆಗಲಿಲ್ಲ. ತಳದಲ್ಲಿ ಇಷ್ಟು ಉಳಿದಿತ್ತು, ತಂದೆ."

ಅವನು ಕೂತ. ಡಬ್ಬಿಯ ಮುಚ್ಚಳ ತೆಗೆದು ತಟ್ಟೆಗೆ ಸುರಿದುಕೊಂಡ. ಅವಳು ಎದುರಿನ ಕುರ್ಚಿಯಲ್ಲಿ, ಖಾಲಿ ತಟ್ಟೆಯ ಹಿಂದೆ ಕೂತಳು. ಎದುರಿಗೆ ಒಬ್ಬರು ಕೂತು ಉಣ್ಣಬೇಕೆಂದಿದ್ದಳು. ಉಣ್ಣುತ್ತಿದ್ದ. ಬಿಸಿ ಊಟ ಬೇಕೆಂದಿದ್ದಳು. ಅದು ಮಧ್ಯಾಹ್ನವೇ ಸಿಕ್ಕಿತ್ತು. ಎರಡೂ ಒಂದೇ ಹೊತ್ತಿಗೆ ಬೇಕೆಂದು ಬಾಯಿಬಿಟ್ಟು ಹೇಳಿದ್ದು ಮಾತ್ರ ಇವತ್ತೇ.

ಅರ್ಧ ಆದ ಮೇಲೆ ಅವನು ತಲೆ ಎತ್ತಿದ. "ನೀನು ಉಣ್ಣಲ್ವಾ?"

"ಒಲೆ ಹಚ್ಚಿಲ್ಲ."

ಅವನು ಅಡುಗೆಮನೆಯ ಕಡೆ ನೋಡಿದ, ತನ್ನ ತಟ್ಟೆ ನೋಡಿದ, ಅವಳ ಖಾಲಿ ತಟ್ಟೆ ನೋಡಿದ. ಮುನ್ನೂರು ಜನರಿಗೆ ತಲೆ ಎತ್ತದೆ ಹಂಚುವ ಕೈ ಸ್ವಲ್ಪ ಹೊತ್ತು ಅನ್ನದ ಮೇಲೆ ಸುಮ್ಮನೆ ನಿಂತಿತು. ಇಬ್ಬರ ಪಾಲು ಮಾಡಲು ಎಲ್ಲಿ ಗೆರೆ ಎಳೆಯಬೇಕೆಂದು ಅದಕ್ಕೆ ತಿಳಿಯಲಿಲ್ಲ. ಆಮೇಲೆ ಉಳಿದದ್ದನ್ನೂ ಬೇಗ ಬೇಗ ಉಂಡು ಮುಗಿಸಿತು.

ಅವನು ಎದ್ದು, ಎಂದಿನಂತೆ ತಟ್ಟೆಯನ್ನು ಅಲ್ಲೇ ಬಿಟ್ಟು ಹೊರಟ.

"ತಟ್ಟೆ ತೊಳೆದಿಡಿ" ಎಂದಳು ಅವಳು. "ಡಬ್ಬೀನೂ. ನಾಳೆ ದೊಡ್ಡ ಡಬ್ಬಿ ತಗೊಂಡು ಹೋಗಿ. ನಾನು ನಾಳೆಯೂ ಒಲೆ ಹಚ್ಚಲ್ಲ."

ಅವನು ನಿಂತ. ಹಿಂದೆ ತಿರುಗಿ ಬಂದು, ತಟ್ಟೆ ಡಬ್ಬಿ ಎತ್ತಿಕೊಂಡು ಒಳಗೆ ಹೋದ. ನಲ್ಲಿಯ ಸದ್ದು ಬಂತು. ಅವಳು ಗೋಡೆ ನೋಡುತ್ತಾ ಕೂತಿದ್ದಳು. ಹೊಟ್ಟೆ ಹಸಿದಿತ್ತು. ಎದುರಿನ ಕುರ್ಚಿ ಅವನು ಎದ್ದಾಗ ಓರೆಯಾದದ್ದು ಹಾಗೇ ಇತ್ತು.

"ಸೋಪು ಎಲ್ಲಿದೆ?" ಒಳಗಿಂದ ಕೇಳಿದ.

"ಅಲ್ಲೇ ಎಲ್ಲೋ ಇರುತ್ತೆ. ಹುಡುಕಿ."

ಪಾತ್ರೆಗಳು ಸರಿದಾಡುವ ಸದ್ದು ಬಹಳ ಹೊತ್ತು ಕೇಳಿಸಿತು. ಅವಳು ಏಳಲಿಲ್ಲ.